ಬೇವಿನ ಸೊಪ್ಪಿನ ಬಾಗಿಲು ದಾಟದ ಸೆರಗು

ಆ ಬೇಸಿಗೆಯಲ್ಲಿ ನನ್ನ ಮೈಮೇಲೆ ಅಮ್ಮ ಎದ್ದಾಗ, ಮೊಳಕಾಲ್ಮೂರಿನಲ್ಲಿ ಒಂದು ಮಗ್ಗ ನನ್ನನ್ನೇ ಕಾಯುತ್ತ ನಿಂತಿತ್ತು. ರೇಷ್ಮೆ ಸೀರೆಯ ಒಡಲು ನೇಯ್ದು ಮುಗಿದಿತ್ತು, ಸೆರಗು ಮಾತ್ರ ಬಾಕಿ. ಸೆರಗಿನ ನಕ್ಷೆ ಚಳ್ಳಕೆರೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕೂತಿತ್ತು. ಆ ಕಂಪ್ಯೂಟರಿನ ಪಕ್ಕದಲ್ಲೇ ಚಾಪೆ ಹಾಸಿ, ಅದರ ಮೇಲೆ ಬೇವಿನ ಸೊಪ್ಪು ಹರಡಿ, ಮೈತುಂಬ ನೀರುಗುಳ್ಳೆ ಹೊತ್ತು ನಾನು ಮಲಗಿದ್ದೆ.

ಡಾಕ್ಟರು ಅದಕ್ಕೆ ಚಿಕನ್ ಪಾಕ್ಸ್ ಅಂದರು. ನಮ್ಮವ್ವ ಆ ಹೆಸರನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಮ್ಮ ಬಂದವ್ಳೆ. ಮೂರು ನೀರು ಆಗೋ ತನಕ ಹೊಸ್ತಿಲು ದಾಟಂಗಿಲ್ಲ" ಅಂದವಳೇ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಗುಳ್ಳೆ ಬಾಡಿದ ಮೇಲೆ ದಿನ ಬಿಟ್ಟು ದಿನ ಬೇವಿನ ನೀರು ಹಾಕಿ ಅಮ್ಮನನ್ನು ಕಳಿಸಿಕೊಡುವುದು ನಮ್ಮ ಪದ್ಧತಿ. ಅಲ್ಲಿಯ ತನಕ ಒಗ್ಗರಣೆ ಇಲ್ಲ, ತಲೆ ಬಾಚುವಂತಿಲ್ಲ. ಮನೆಯ ಒಂದು ವಸ್ತುವೂ ಹೊರಗೆ ಹೋಗುವಂತಿಲ್ಲ. ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳಿದರೂ ಅವ್ವ ಒಳಗಿನಿಂದಲೇ ಇಲ್ಲ ಅಂದಳು. ದೊಡ್ಡಉಳ್ಳಾರ್ತಿಯ ಮೇವಿನ ಕಾವಲಿನಲ್ಲಿ ದನ ಕುರಿಗಳ ಮಧ್ಯೆ ಬೆಳೆದವಳು ಅವಳು. "ಕಾವಲಲ್ಲಿ ದನಕ್ಕೆ ರೋಗ ಬಂದ್ರೆ ದೊಡ್ಡಿ ಬಾಗ್ಲು ತೆಗೀತಿರ್ಲಿಲ್ಲ ಕಣೇ. ಒಳಗಿಂದು ಒಳಗೆ, ಹೊರಗಿಂದು ಹೊರಗೆ" ಅನ್ನುತ್ತಿದ್ದಳು.

ಒಳಗಿದ್ದವಳು ನಾನು. ಕಿಟಕಿಯಿಂದ ಎಣ್ಣೆ ಮಿಲ್ಲಿನ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಮೈಯೆಲ್ಲ ತುರಿಕೆ, ಕೆರೆದರೆ ಅವ್ವನ ಬೈಗುಳ. ಮೂರು ದಿನಕ್ಕೇ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಬೇಸರ ಹತ್ತಿತ್ತು.

ನಾನು ಮೊಳಕಾಲ್ಮೂರಿನ ಒಂದು ಸೀರೆ ಅಂಗಡಿಯಲ್ಲಿ ನಕ್ಷೆ ಬರೆಯುವವಳು. ಕಂಪ್ಯೂಟರಿನಲ್ಲಿ ಚೌಕುಳಿ ಹಾಳೆಯಂಥದ್ದನ್ನು ತೆರೆದು ಒಂದೊಂದೇ ಚೌಕ ತುಂಬಬೇಕು. ತುಂಬಿದ ಚೌಕ ಅಂದರೆ ಅಲ್ಲಿ ಹಾಸಿನ ಎಳೆ, ಅಂದರೆ ಉದ್ದದ ಎಳೆ, ಮೇಲೇಳಬೇಕು, ಖಾಲಿ ಚೌಕ ಅಂದರೆ ಕೆಳಗೇ ಇರಬೇಕು. ಚೌಕಗಳ ಒಂದು ಅಡ್ಡಸಾಲಿಗೆ ಒಂದು ರಟ್ಟಿನ ಕಾರ್ಡು. ನಕ್ಷೆ ನೋಡಿ ಕಾರ್ಡಿಗೆ ತೂತು ಹೊಡೆಯುವವರೊಬ್ಬರು ಅಂಗಡಿಯಲ್ಲಿದ್ದರು, ನಾನು ಅವರನ್ನು ಪಂಚಿಂಗ್ ಅಣ್ಣ ಅನ್ನುತ್ತಿದ್ದೆ. ಆ ಕಾರ್ಡುಗಳನ್ನು ದಾರದಲ್ಲಿ ಪೋಣಿಸಿ ಮಗ್ಗದ ಮೇಲೆ ಏರಿಸಿದರೆ ಅದೇ ಚಿತ್ರ ರೇಷ್ಮೆಯಲ್ಲಿ ಮೂಡುತ್ತದೆ.

ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಮೊದಮೊದಲು ಫ್ಲಾಪಿಯಲ್ಲಿ ನಕ್ಷೆ ಒಯ್ಯುತ್ತಿದ್ದೆ. ಒಂದು ನಕ್ಷೆಗೆ ಮೂರು ನಾಲ್ಕು ಫ್ಲಾಪಿ. ಬಸ್ಸಿನ ಧೂಳು, ಬಿಸಿಲು, ಕುಲುಕಾಟಕ್ಕೆ ಅದರಲ್ಲೊಂದು ಕೈಕೊಡುತ್ತಿತ್ತು. ಕೊನೆಗೆ ಸಿಟ್ಟು ಬಂದು, ಕಂಪ್ಯೂಟರ್ ರಿಪೇರಿಯವರ ಹತ್ತಿರ ಎರಡೂ ಕಡೆ ಮೋಡೆಮ್ ಹಾಕಿಸಿದೆ. ಇಲ್ಲಿಂದ ಅಂಗಡಿಯ ಫೋನಿಗೆ ಡಯಲ್ ಮಾಡಿದರೆ ಅಲ್ಲಿಯ ಮೋಡೆಮ್ ತಾನೇ ಎತ್ತಿಕೊಳ್ಳುತ್ತಿತ್ತು. ಕಿರ್ ಎಂದು ಒಂದಷ್ಟು ಹೊತ್ತು ಅರಚಿಕೊಂಡು ಎರಡೂ ರಾಜಿಯಾದರೆ ನನ್ನ ಪರದೆಯ ಎಡಗಡೆ ಮನೆಯ ಫೈಲುಗಳು, ಬಲಗಡೆ ಅಂಗಡಿಯ ಫೈಲುಗಳು. ಎಡದಿಂದ ಹಿಡಿದು ಬಲಕ್ಕೆ ಎಳೆದುಬಿಟ್ಟರೆ ಆಯಿತು. ಇನ್ನೊಂದು ಗುಂಡಿ ಒತ್ತಿದರೆ ಅಲ್ಲಿಯ ಪರದೆಯೇ ನನ್ನ ಪರದೆಯಲ್ಲಿ ಕಾಣುತ್ತಿತ್ತು, ಇಲ್ಲಿ ಕೂತು ಅಲ್ಲಿಯ ಕಂಪ್ಯೂಟರನ್ನು ಓಡಿಸಬಹುದಿತ್ತು. ಅದು ತೀರ ನಿಧಾನ ಎಂದು ನಾನು ಬಳಸುತ್ತಿರಲಿಲ್ಲ.

ಈಗ ಆ ಸೀರೆಯ ವಿಷಯ. ಅದು ಗಿರಾಕಿಯ ಸೀರೆ ಆಗಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ ಇದ್ದ ನಮ್ಮ ಹಿರಿಯ ನೇಕಾರರು ತಮ್ಮ ಮಗಳ ಧಾರೆಗೆಂದು ನೇಯುತ್ತಿದ್ದ ಸೀರೆ. ಜೀವಮಾನವಿಡೀ ನೇಯ್ದಿದ್ದನ್ನೆಲ್ಲ ಬೇರೆಯವರಿಗೆ ಮಡಿಸಿಕೊಟ್ಟವರು ಅವರು. ಮನೆಯಲ್ಲಿ ಉಳಿಸಿಕೊಂಡಿದ್ದು ಒಂದೇ, ಹೆಂಡತಿಯ ಧಾರೆ ಸೀರೆ. ಆ ತಾಯಿ ತೀರಿಕೊಂಡಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳಂತೆ. ಮದುವೆ ನಿಶ್ಚಯವಾದ ದಿನ ಆ ಹುಡುಗಿ ಕೇಳಿದ್ದು ಒಂದೇ ಒಂದು: "ನಂಗೆ ಅವ್ವನ ಸೆರಗೇ ಬೇಕು." ಹಳೆ ಸೀರೆ ಮಡಿಕೆಯಲ್ಲೇ ಹರಿಯುವಷ್ಟು ಜೀರ್ಣವಾಗಿತ್ತು, ಉಡುವ ಹಾಗಿರಲಿಲ್ಲ. ಅದರ ಕಾರ್ಡುಗಳನ್ನು ಎಂದೋ ಗೆದ್ದಲು ತಿಂದಿದ್ದವು. ಸೆರಗನ್ನು ಅಂಗಡಿಯಲ್ಲೇ ತುಂಡುತುಂಡಾಗಿ ಸ್ಕ್ಯಾನ್ ಮಾಡಿ, ಎಳೆ ಎಳೆ ನೋಡಿ ಮತ್ತೆ ಬರೆಯುವ ಕೆಲಸ ನನಗೆ ಬಂತು. ಮನೆಯಲ್ಲಿ ಕೂತು ಬರೆದು ಮುಗಿಸಿದೆ. ಮಾರನೆಯ ದಿನವೇ ಜ್ವರ, ಅದರ ಮಾರನೆಯ ದಿನ ಗುಳ್ಳೆ. ಲಗ್ನಕ್ಕೆ ಎರಡು ವಾರವೂ ಇರಲಿಲ್ಲ. ಕಾರ್ಡು ಹೊಡೆದು, ಪೋಣಿಸಿ, ನೇಯಬೇಕು.

ಹೊಸ್ತಿಲು ದಾಟದಿದ್ದರೇನಂತೆ, ಫೋನಿದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಜ್ವರ ಸ್ವಲ್ಪ ಇಳಿದ ಮಧ್ಯಾಹ್ನ, ಕರೆಂಟು ಬಂದ ಕೂಡಲೆ ಎದ್ದು ಕೂತು ಡಯಲ್ ಮಾಡಿದೆ. ಅವ್ವನಿಗೆ ಏನೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ಅವಳೇ ವೈರು ಕೀಳುತ್ತಿದ್ದಳು. ಒಂದು ಸಲ ಲೈನ್ ಬ್ಯುಸಿ, ಇನ್ನೊಂದು ಸಲ ಬರೀ ಕರಕರ. ಆಮೇಲೆ ಸಿಕ್ಕಿತು. ಫೈಲನ್ನು ಹಿಡಿದು ಬಲಕ್ಕೆ ಎಳೆದೆ. ನೀಲಿ ಪಟ್ಟಿ ಆಮೆಯಂತೆ ಸರಿಯತೊಡಗಿತು. ಅರ್ಧ ದಾಟಿತು, ಮುಕ್ಕಾಲಾಯಿತು. ಇನ್ನೇನು ಮುಗಿಯಿತು ಅನ್ನುವಾಗ ಪಟ್ಟಿ ನಿಂತೇಹೋಯಿತು. ಸಂಪರ್ಕ ಕಡಿದಿದೆ ಎಂದು ಪರದೆ ಹೇಳಿತು.

ಯಾರೋ ಫೋನ್ ಎತ್ತಿದ್ದಾರೆ ಎಂದು ಗೊತ್ತಾಯಿತು. ಅಂಗಡಿಯ ಲೈನಿಗೆ ಹಿಂದಿನ ಪಡಸಾಲೆಯಲ್ಲಿ ಇನ್ನೊಂದು ಫೋನ್ ಇತ್ತು, ಅದನ್ನು ಎತ್ತಿದರೆ ಮೋಡೆಮ್ಮಿನ ಮಾತು ಕೆಟ್ಟುಹೋಗುತ್ತಿತ್ತು. ಸಿಟ್ಟಿನಿಂದ ಮಾಮೂಲಿ ಫೋನ್ ಮಾಡಿದೆ. ಎತ್ತಿಕೊಂಡಿದ್ದು ನೇಕಾರರ ತಾಯಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು. ಗಡಿಯ ಊರು ಅದು, ಅವರ ಮಾತಿನಲ್ಲಿ ತೆಲುಗು ಕನ್ನಡ ಎರಡೂ ಕಲಸಿಕೊಂಡೇ ಬರುತ್ತಿದ್ದವು.

"ಅಮ್ಮಾಯೀ, ನೀನಾ? ಮೈ ಹೆಂಗೈತೆ ಅಂತ ಕೇಳಾಣ ಅಂತ ಎತ್ತಿದೆ, ಬರೀ ಕಿರ್ ಅಂತು. ಲೈನಲ್ಲಿ ನೀನೇ ಅದೀಯ ಅಂತ ಕಾರ್ಡು ಹೊಡೆಯೋನು ಹೇಳ್ದ."

ಸಿಟ್ಟೆಲ್ಲ ಬಾಯಲ್ಲೇ ಉಳಿಯಿತು. "ಪರವಾಗಿಲ್ಲ ಅಜ್ಜಿ. ಸೆರಗು ಕಳಿಸ್ತಾ ಇದ್ದೆ. ಸ್ವಲ್ಪ ಹೊತ್ತು ಫೋನ್ ಮುಟ್ಟಬ್ಯಾಡ್ರಿ."

"ಎಲ್ಲಿಂದ ಕಳಿಸ್ತಾ ಇದೀಯಾ?"

"ಮನೆಯಿಂದ."

ಅಜ್ಜಿ ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದರು: "ಬ್ಯಾಡಮ್ಮಾ. ಅಮ್ಮ ಇರೋ ಮನೆಯಿಂದ ಧಾರೆ ಸೀರೆಗೆ ಏನೂ ತರಬಾರ್ದು. ತಾಯಿಲ್ಲದ ಮಗು ಅದು. ನಂಗೆ ಧೈರ್ಯ ಇಲ್ಲ."

ಫೋನ್ ಇಟ್ಟರು. ಮತ್ತೆ ಡಯಲ್ ಮಾಡಿದರೆ ಗಂಟೆ ಹೊಡೆಯುತ್ತಲೇ ಇತ್ತು, ಮೋಡೆಮ್ ಎತ್ತಲಿಲ್ಲ. ಅದರ ವೈರನ್ನು ಕೀಳಿಸಿದ್ದರು.

ನನಗೆ ಅಳುವೇ ಬಂತು. ಕಣ್ಣೀರು ಗುಳ್ಳೆಗೆ ತಾಗಿ ಉರಿಯಿತು, ಅದಕ್ಕೂ ಸಿಟ್ಟು ಬಂತು. ಫೈಲಿಗೆ ಮೈಯುಂಟೇ, ಮೈಲಿಗೆಯುಂಟೇ? ತಂತಿಯಲ್ಲಿ ಹೋಗುವ ಸದ್ದಿಗೆ ಯಾವ ಅಮ್ಮ ಅಂಟಿಕೊಳ್ಳುತ್ತಾಳೆ? ಹೀಗೆಲ್ಲ ಕೂಗಾಡಬೇಕೆನಿಸಿತು. ಯಾರ ಮೇಲೆ ಕೂಗಾಡುವುದು? ಬಾಗಿಲಿನಾಚೆ ಹೋಗುವಂತಿಲ್ಲ, ಈಚೆ ಇರುವವಳು ಅವ್ವ. ಅವಳನ್ನು ಕೇಳಿದರೆ ಅಜ್ಜಿಯ ಪಕ್ಷವೇ.

ಸಂಜೆ ಪಂಚಿಂಗ್ ಅಣ್ಣ ಅಂಗಡಿಯಿಂದ ಫೋನ್ ಮಾಡಿದರು. ದನಿ ತಗ್ಗಿಸಿ, "ತಂಗೀ, ನಾಳೆ ಅಜ್ಜಿ ಮಗ್ಗದ ಮನೇಲಿರೋವಾಗ ವೈರು ಸಿಗಿಸ್ತೀನಿ. ನೀನು ತಳ್ಳಿಬಿಡು. ಇಲ್ಲೇ ಕಂಪ್ಯೂಟರಲ್ಲಿ ಮುಂಚೇನೇ ಇತ್ತು, ಈಗ ಸಿಕ್ತು ಅಂತೀನಿ. ಯಾರಿಗೆ ಗೊತ್ತಾಗುತ್ತೆ?" ಅಂದರು.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ. ಫೈಲಿನ ಮೇಲೆ ಅದು ಯಾವ ಊರಿನಿಂದ ಬಂತು ಎಂದು ಬರೆದಿರುವುದಿಲ್ಲ. ಹೂಂ ಅಂದುಬಿಡೋಣ ಎಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ನೇಕಾರರೇ ಫೋನ್ ಇಸಿದುಕೊಂಡರು.

"ಅಮ್ಮಾಯಿ, ನಂಗೆ ಇದೆಲ್ಲ ತಿಳಿಯಲ್ಲ. ನಮ್ಮವ್ವ ಹೆದರವ್ಳೆ. ಮಗಳು ಮೂಲೇಲಿ ಕೂತು ಅಳ್ತಾ ಅವ್ಳೆ. ನೀವೇ ಹೇಳ್ರಿ. ಆ ಸೆರಗು ಇಲ್ಲೇ ಐತಾ, ನಿಮ್ಮನೆಯಿಂದ ಬರಬೇಕಾ? ನೀವು ಹೆಂಗೆ ಹೇಳ್ತೀರೋ ಹಂಗೆ."

ಇಪ್ಪತ್ತು ಜನರ ಮುಂದೆ ನಿಲ್ಲಿಸಿ ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೋ ಏನೋ. ಒಬ್ಬರೇ, ಅಷ್ಟು ನಂಬಿ ಕೇಳಿದರೆ ಹೇಗೆ ಹೇಳುವುದು? "ನಮ್ಮನೆಯಿಂದ ಬರಬೇಕಣ್ಣಾ" ಅಂದೆ. ಅವರು ಬರೀ ಹೂಂ ಅಂದರು. ಆ ಹೂಂ ಕೇಳಿ ನನಗೆ ತಡೆಯಲಾಗಲಿಲ್ಲ. ಸೆರಗಿನ ಸ್ಕ್ಯಾನ್ ಅಂಗಡಿಯ ಕಂಪ್ಯೂಟರಿನಲ್ಲೇ ಇದೆಯಲ್ಲ ಎಂದು ಆಗ ಹೊಳೆಯಿತು. "ಇಲ್ಲಿಂದ ಏನೂ ಬರೋದು ಬ್ಯಾಡ. ನಿಮ್ಮ ಸೀರೆಯ ಚಿತ್ರ ಅಲ್ಲೇ ಐತೆ, ಅಲ್ಲಿಯ ಕಂಪ್ಯೂಟರೂ ಅಲ್ಲೇ ಐತೆ. ಮತ್ತೆ ಮೊದಲಿಂದ ಅಲ್ಲೇ ಬರೀತೀನಿ. ನಾನು ಇಲ್ಲಿಂದ ಅದನ್ನ ಓಡಿಸ್ತೀನಿ ಅಷ್ಟೆ. ಅಜ್ಜೀನ ಕೇಳ್ರಿ" ಅಂದೆ.

ಫೋನಿನಲ್ಲೇ ಅವರ ಮನೆಯ ಪಂಚಾಯಿತಿ ಕೇಳಿಸಿತು. ವಸ್ತು ಬರಲ್ಲವಾ? ಬರಲ್ಲ. ಕಾಗದ? ಇಲ್ಲ. ಅವಳು ಮುಟ್ಟಿದ್ದು? ಏನೂ ಇಲ್ಲ. ಕೊನೆಗೆ ಅಜ್ಜಿ, "ನಾನು ಮುಂದೆ ಕೂತು ನೋಡ್ತೀನಿ. ಒಂದು ಚೂರು ಬಂದ್ರೂ ನಿಲ್ಲಿಸ್ತೀನಿ" ಅಂದರು. ಮುಗಿದ ಕೆಲಸವನ್ನು ಮಗ್ಗುಲಲ್ಲೇ ಇಟ್ಟುಕೊಂಡು ಮತ್ತೆ ಮೊದಲಿಂದ ಮಾಡಲು ಒಪ್ಪಿಕೊಂಡ ಹುಚ್ಚಿ ನಾನೇ ಇರಬೇಕು.

ಮರುದಿನ ಶುರುವಾಯಿತು ಪಾಡು. ಅಂಗಡಿಯ ಪರದೆ ನನ್ನ ಪರದೆಯಲ್ಲಿ ತೇಪೆ ತೇಪೆಯಾಗಿ ಮೂಡುತ್ತಿತ್ತು. ಬಣ್ಣಗಳನ್ನು ಹದಿನಾರಕ್ಕೆ ಇಳಿಸಿದೆ, ಸ್ವಲ್ಪ ಚುರುಕಾಯಿತು. ಮೌಸ್ ಸರಿಸಿದರೆ ಆ ಕಡೆಯ ಬಾಣ ಒಂದು ಉಸಿರು ತಡೆದು ಸರಿಯುತ್ತಿತ್ತು. ಆತುರಪಟ್ಟು ಎರಡು ಸಲ ಒತ್ತಿದರೆ ಪಕ್ಕದ ಚೌಕವೂ ತುಂಬುತ್ತಿತ್ತು. ಒತ್ತು, ಕಾಯಿ, ನೋಡು, ಮುಂದಿನದು ಒತ್ತು. ಮನೆಯ ಸಿದ್ಧ ನಕ್ಷೆಯನ್ನು ಇನ್ನೊಂದು ಕಿಟಕಿಯಲ್ಲಿ ತೆರೆದು ಅದನ್ನು ನೋಡಿಕೊಂಡು ಬರೆದೆ. ನೋಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡಿಯಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಮೊದಲು ರುದ್ರಾಕ್ಷಿ ಸಾಲು, ಅದರ ಮೇಲೆ ಗೋಪುರ, ಅದರ ಮೇಲೆ ಎದುರುಬದುರು ನವಿಲು. ಎಡಗಡೆಯ ಅರ್ಧ ಬರೆದರೆ ಸಾಕು, ಬಲಗಡೆಯದನ್ನು ಕಂಪ್ಯೂಟರೇ ತಿರುಗಿಸಿ ಹಾಕುತ್ತದೆ ಎನ್ನುವುದೊಂದೇ ಸಮಾಧಾನ.

ರುದ್ರಾಕ್ಷಿ ಮುಗಿದು ಗೋಪುರದ ಮಧ್ಯದಲ್ಲಿದ್ದಾಗ ಸಂಪರ್ಕ ಕಡಿಯಿತು. ಒಂದು ನಿಮಿಷದ ಮೇಲೆ ನಮ್ಮ ಫೋನ್ ಹೊಡೆದುಕೊಂಡಿತು. ಅಜ್ಜಿ.

"ಉಂಡೆಯೇನೇ?"

"ಅಜ್ಜೀ! ಫೋನ್ ಎತ್ತಿದ್ರಾ?"

"ಆವಾಗಿಂದ ಆ ಬಾಣ ಓಡಾಡ್ತಾನೇ ಐತೆ. ಜ್ವರದ ಮೈಯಾಗೆ ಈ ಹುಡುಗಿ ಏನಾದ್ರೂ ತಿಂದೈತೋ ಇಲ್ವೋ ಅಂತ ಕೇಳಾಣ ಅಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಪರ್ಕ ಕಡಿದರೂ ಅಲ್ಲಿ ಬರೆದದ್ದು ಅಲ್ಲೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಒಳಹೊಕ್ಕರೆ, ಅಲ್ಲಿಯ ಕಂಪ್ಯೂಟರ್ ಆರಿ ಹೊತ್ತಿಕೊಂಡಿತ್ತು. ಗೋಪುರ ಇಲ್ಲ, ರುದ್ರಾಕ್ಷಿಯೂ ಇಲ್ಲ. ಯಾರಾದರೂ ಕಳ್ಳತನದಲ್ಲಿ ನುಗ್ಗಬಾರದೆಂದು, ಸಂಪರ್ಕ ತಾನಾಗಿ ಕಡಿದರೆ ಕಂಪ್ಯೂಟರ್ ಹೊಸದಾಗಿ ಶುರುವಾಗಲಿ ಎಂದು ರಿಪೇರಿಯವರು ಸೆಟ್ಟಿಂಗಿನಲ್ಲಿ ಒಂದು ಟಿಕ್ ಗುರುತು ಹಾಕಿಟ್ಟಿದ್ದರು. ಅದನ್ನು ತೆಗೆಯಲು ಅಲ್ಲೇ ಯಾರಾದರೂ ಕೂರಬೇಕು. ಪಂಚಿಂಗ್ ಅಣ್ಣನಿಗೆ ಫೋನಿನಲ್ಲಿ ಒಂದೊಂದೇ ಗುಂಡಿ ಹೇಳಿ ಆ ಗುರುತು ತೆಗೆಸಿದೆ. ಪ್ರತಿ ಸಾಲಿಗೂ ಸೇವ್ ಮಾಡುವುದನ್ನು ರೂಢಿ ಮಾಡಿಕೊಂಡೆ. ಕರೆಂಟು ಹೋದಾಗಲೆಲ್ಲ ಬೇವಿನ ಸೊಪ್ಪಿನ ಮೇಲೆ ಬಿದ್ದುಕೊಂಡು ಸೂರು ನೋಡುತ್ತಿದ್ದೆ. ನನ್ನ ಕೈ ಅಷ್ಟು ದೂರದ ಮೊಳಕಾಲ್ಮೂರಿನಲ್ಲಿ ಓಡಾಡುತ್ತಿತ್ತು, ಮೈ ಮಾತ್ರ ಈ ಕೋಣೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಅದು ಹೊಟ್ಟೆ ಉರಿಸುತ್ತಿತ್ತು.

ಅವ್ವನಿಗೆ ಎಲ್ಲ ಗೊತ್ತಾಗಿಹೋಗಿತ್ತು. ಬೈಯಬಹುದೆಂದು ಕಾದೆ. ಅವಳು ಅಂಬಲಿ ತಂದಿಟ್ಟು, "ಏನೂ ಹೊರಗೆ ಹೋಗ್ತಿಲ್ಲ ತಾನೆ?" ಅಂತಷ್ಟೇ ಕೇಳಿದಳು. ಇಲ್ಲ ಅಂದೆ. "ಹಂಗಾದ್ರೆ ಬರಿ. ಕೆರ್ಕೊಳ್ಳೋದಾದ್ರೂ ತಪ್ಪುತ್ತೆ" ಅಂದಳು.

ನವಿಲಿನ ಕೊರಳಿಗೆ ಬಂದ ದಿನ ಪಂಚಿಂಗ್ ಅಣ್ಣ ಫೋನ್ ಮಾಡಿ ಬಿದ್ದು ಬಿದ್ದು ನಕ್ಕರು. ಅಜ್ಜಿ ದಿನವೂ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂರುತ್ತಿದ್ದರಂತೆ. ಕೀಲಿಮಣೆಯ ಮುಂದೆ ಯಾರೂ ಇಲ್ಲ, ಬಾಣ ತಾನೇ ಓಡಾಡುತ್ತದೆ, ಚೌಕ ತಾನೇ ತುಂಬುತ್ತದೆ. ಅವತ್ತು ಬೀದಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿ, ಮಗನನ್ನೂ ಕೂಗಿದರಂತೆ: "ಚೂಡ್ರಾ, ನೋಡೋ, ಅಮ್ಮ ಬರೀತಾ ಅವ್ಳೆ!" ಕಂಪ್ಯೂಟರಿನ ತಲೆಗೆ ಕುಂಕುಮ ಬಿದ್ದಿತ್ತು, ಮುಂದೆ ಮೊಸರನ್ನದ ಎಡೆ.

"ಅಜ್ಜಿ, ಅದು ನಾನು" ಅಂದೆ, ಫೋನ್ ಅವರ ಕೈಗೆ ಹೋದಾಗ.

"ನೀನೇ ಅಂತ ನಂಗೇನು ತಿಳಿಯಲ್ವೇನೇ? ಅಷ್ಟು ಮುದುಕಿ ಅಲ್ಲ ನಾನು. ಅಮ್ಮ ಎಲ್ಲವ್ಳೆ ಈಗ? ನಿನ್ನ ಮೈಮ್ಯಾಗೆ ತಾನೆ? ಹಂಗಾದ್ರೆ ಬರೀತಾ ಇರೋಳು ಯಾರು, ಹೇಳು ನೋಡಾಣ."

ನಾನು ಬಾಯಿ ತೆರೆಯುವ ಮುಂಚೆ ಅಜ್ಜಿಯೇ ಮುಂದುವರಿಸಿದರು: "ಅಮ್ಮನ ಮನೆ ವಸ್ತು ಬ್ಯಾಡ ಅಂದೆ. ಅಮ್ಮನೇ ಬಂದು ನನ್ನ ಮೊಮ್ಮಗಳಿಗೆ ಸೆರಗು ಬರೀತೀನಿ ಅಂದ್ರೆ ಬ್ಯಾಡ ಅನ್ನೋಕಾಯ್ತದಾ?"

ನಾನು ಆಸೆಯಿಂದ, "ಹಂಗಾದ್ರೆ ಇಲ್ಲಿ ಬರೆದಿಟ್ಟಿರೋದನ್ನೇ ಕಳಿಸಿಬಿಡ್ಲಾ ಅಜ್ಜಿ? ಒಂದು ಗಳಿಗೆಯ ಕೆಲಸ" ಅಂದೆ.

"ಅದ್ಯಾಕೆ? ಕೂತು ನೋಡ್ತಾ ಇದೀವಲ್ಲ. ಬರಿ" ಅಂದು ಫೋನ್ ಇಟ್ಟರು.

ತಲೆ ಚಚ್ಚಿಕೊಂಡೆ. ಆದರೆ ಅವತ್ತಿನಿಂದ ಕೋಣೆ ಅಷ್ಟು ಇಕ್ಕಟ್ಟೆನಿಸಲಿಲ್ಲ. ನನ್ನ ಮುಖ ನೋಡಿದರೆ ಹೆದರಿಕೊಳ್ಳುವ ಹಾಗಿತ್ತು, ಕನ್ನಡಿಯನ್ನು ಅವ್ವ ಗೋಡೆ ಕಡೆ ತಿರುಗಿಸಿಟ್ಟಿದ್ದಳು. ಅಲ್ಲಿ ಒಂದಷ್ಟು ಜನ ನನ್ನ ಬಾಣ ನೋಡಲೆಂದೇ ಕೂತಿದ್ದರು. ನವಿಲಿನ ಗರಿಯನ್ನು ಬೇಕೆಂದೇ ನಿಧಾನವಾಗಿ ತುಂಬಿದೆ. ಕೊನೆಯ ಚೌಕ ತುಂಬಿ, ಬಾಣವನ್ನು ಎರಡು ಸಲ ಸುತ್ತಿಸಿ ನಿಲ್ಲಿಸಿದೆ. ನಮಸ್ಕಾರ ಮಾಡಲು ನನಗಿದ್ದ ದಾರಿ ಅದೊಂದೇ. ಅಲ್ಲಿ ಅಜ್ಜಿ ಕರ್ಪೂರ ಹಚ್ಚಿದರಂತೆ.

ಪಂಚಿಂಗ್ ಅಣ್ಣ ಊಟ ನಿದ್ದೆ ಬಿಟ್ಟು ಕಾರ್ಡು ಹೊಡೆದರು. ನೇಕಾರರು ಕಾಲು ಇಳಿಬಿಟ್ಟು ಕೂತ ಮಗ್ಗದ ಗುಂಡಿ ಬಿಟ್ಟು ಏಳಲಿಲ್ಲ. ಸೆರಗು ಲಗ್ನದ ಹಿಂದಿನ ದಿನ ಮಗ್ಗದಿಂದ ಇಳಿಯಿತೆಂದು ಸುದ್ದಿ ಬಂತು. ನನಗೆ ಇನ್ನೂ ಮೂರನೇ ನೀರು ಆಗಿರಲಿಲ್ಲ, ಹೋಗುವ ಮಾತೆಲ್ಲಿ? ಲಗ್ನದ ದಿನ ಬೆಳಿಗ್ಗೆ ಅವ್ವನ ಜೊತೆ ಸುಮ್ಮಸುಮ್ಮನೆ ಜಗಳ ಆಡಿದೆ, ಅಂಬಲಿ ದೂರ ತಳ್ಳಿದೆ. ಎರಡು ಸಲ ಬರೆದ ಸೆರಗನ್ನು ಒಂದು ಸಲ ಕಣ್ಣಲ್ಲಿ ನೋಡಲಾಗಲಿಲ್ಲವಲ್ಲ ಎಂದು ಸಂಕಟ.

ಮುಹೂರ್ತದ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಎತ್ತಿದೆ. ಬರೀ ಗದ್ದಲ, ಮಕ್ಕಳ ಕೂಗು, ಹತ್ತಿರದಲ್ಲೇ ವಾಲಗ. ಅಂಗಡಿಯ ಹಿಂದಿನ ಮನೆಯ ಮುಂದೆಯೇ ಚಪ್ಪರ ಹಾಕಿದ್ದರು, ಪಡಸಾಲೆಯ ಫೋನನ್ನು ವೈರು ಬಂದಷ್ಟು ದೂರ ಕಿಟಕಿಯ ತನಕ ಎಳೆದಿರಬೇಕು. ಗಟ್ಟಿಮೇಳ ಮೊಳಗಿತು. ರಿಸೀವರನ್ನು ಗುಳ್ಳೆ ಬಾಡಿದ ಕಿವಿಗೆ ಒತ್ತಿ ಹಿಡಿದೆ, ನೋವು ಗೊತ್ತಾಗಲಿಲ್ಲ.

ಸದ್ದು ಇಳಿದ ಮೇಲೆ ಅಜ್ಜಿಯ ದನಿ ಬಂತು. "ಕೇಳಿಸ್ತಾ?"

"ಕೇಳಿಸ್ತು ಅಜ್ಜಿ."

"ನಿಂಗೆ ಕಾಣಲ್ಲ. ಹೇಳ್ತೀನಿ ಕೇಳು. ಹುಡುಗಿ ಧಾರೆ ಎರೆಸ್ಕೊಂಡು ಎದ್ದು ನಿಂತವ್ಳೆ. ಸೆರಗು ಮುಂದಕ್ಕೆ ಬಿಟ್ಕೊಂಡವ್ಳೆ. ಕೆಳಗೆ ರುದ್ರಾಕ್ಷಿ ಐತೆ. ಅದ್ರ ಮ್ಯಾಲೆ ಗೋಪುರ. ಅದ್ರ ಮ್ಯಾಲೆ ನವಿಲು, ಎರಡೂ ಒಂದನ್ನೊಂದು ನೋಡ್ತಾವೆ." ಅಜ್ಜಿ ಮೂಗು ಎಳೆದುಕೊಂಡರು. "ಅವರವ್ವ ನಿಂತಂಗೇ ಐತೆ ಕಣೇ."

ಒಂದೊಂದು ಚೌಕವೂ ನನಗೆ ಗೊತ್ತಿದ್ದದ್ದೇ. ಆದರೂ ಮೊದಲ ಸಲ ಕೇಳುತ್ತಿರುವವಳ ಹಾಗೆ ಕೂತು ಕೇಳಿದೆ. ಅಡಿಗೆಮನೆಯಿಂದ ಅವ್ವ ಕೂಗಿದಳು: "ಅಷ್ಟೊತ್ತಿಂದ ಮಾತಿಲ್ಲ ಕತೆಯಿಲ್ಲ, ಏನೇ ಮಾಡ್ತಿದೀಯಾ ಅಲ್ಲಿ?"

"ಸುಮ್ನಿರವ್ವಾ," ಅಂದೆ. "ಮದುವೇಲಿ ಇದೀನಿ."